ಹಳೇ ಪ್ರೋಗ್ರಾಮುಗಳ ಸರದಿ

ಕಂಪ್ಯೂಟರು ಒಂದು ಸಲಕ್ಕೆ ಒಂದೇ ಕೆಲಸ ಮಾಡ್ತಿದ್ದ ಕಾಲದ ಡಾಸ್ ಪ್ರೋಗ್ರಾಮುಗಳನ್ನ ಸರಿಮಾಡೋಕೆ ತುಮಕೂರು ಸುತ್ತಮುತ್ತ ಉಳಿದಿರೋನು ನಾನೊಬ್ಬನೇ ಇರ್ಬೇಕು, ಇಂಥ ಪ್ರಸಂಗಗಳೆಲ್ಲ ನನ್ನ ಪಾಲಿಗೇ ಬರ್ತವೆ. ಬರ್ಲಿ ಬುಡಿ. ಮನೇಲೂ ನಾನೊಬ್ಬನೇ. ಯಾರದಾದ್ರೂ ಕಂಪ್ಯೂಟರ್ ಕೆಡದಿದ್ರೆ ಇಡೀ ದಿನ ನನಗೆ ಬಾಯಿ ಬಿಡೋ ಅವಕಾಶವೇ ಇಲ್ಲ.

ಹಾರ್ಡ್‌ವೇರ್ ಅಂಗಡಿ

ತುಮಕೂರಿನ ಅಂಗಡಿ ಯಜಮಾನ್ರ ಬಿಲ್ಲಿಂಗ್ ಪ್ರೋಗ್ರಾಮ್ ತೆವಳ್ತಿತ್ತು. "ಇದು ಕಂಪ್ಯೂಟರೆಲ್ಲ ತನ್ನದೇ ಅನ್ಕೊಂಡು ಬೆಳೆದದ್ದು ಸಾರ್. ಈಗ ಹತ್ತಾರು ಪ್ರೋಗ್ರಾಮ್ ಒಟ್ಟಿಗೆ ಓಡ್ತವೆ, ಇದಕ್ಕೂ ಸರದಿ ಮೇಲೆ ಚೂರುಪಾರು ಟೈಮ್ ಸಿಗುತ್ತೆ" ಅಂದೆ.

"ಬೇರೆಲ್ಲ ಆಫ್ ಮಾಡಿದ್ರೆ?"

"ವಾಸಿ."

ಅವರು ಎದ್ದು ಟಿವಿ ಆಫ್ ಮಾಡಿದ್ರು, ಫ್ಯಾನ್ ಆಫ್ ಮಾಡಿದ್ರು, ಕೆಲಸದವರನ್ನ ಟೀಗೆ ಕಳಿಸಿದ್ರು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಒಸಿ ಆಚೆ ನಿಂತ್ಕೊಳಿ, ಅದೊಂದೇ ಇರ್ಲಿ" ಅಂದ್ರು.

ವೇಬ್ರಿಡ್ಜ್

ಗುಬ್ಬಿಯಲ್ಲಿ ಲಾರಿ ತೂಗೋ ಕಡೆಯ ಪ್ರೋಗ್ರಾಮಿಗೆ ಒಂದು ಚಾಳಿ. ಕೆಲಸ ಮಾಡ್ತಾನೇ ಕೀಬೋರ್ಡನ್ನ 'ಯಾರಾದ್ರೂ ಒತ್ತಿದ್ರಾ, ಒತ್ತಿದ್ರಾ' ಅಂತ ಕೇಳ್ತಿರುತ್ತೆ. ಕಂಪ್ಯೂಟರು ಇದು ಸುಮ್ನೆ ಕಾಯ್ತಾ ಕೂತಿದೆ ಅನ್ಕೊಂಡು, ಇದರ ಟೈಮನ್ನ ಬೇರೆಯವಕ್ಕೆ ಕೊಟ್ಬಿಡುತ್ತೆ. ಯಾರಾದ್ರೂ ಫೋನ್ ಮಾಡ್ತಾರಾ ಅಂತ ಕಾಯ್ತಾ ಕೂರೋ ನನಗೆ ಅದರ ಸಂಕಟ ಗೊತ್ತು.

ನಾನು ಹೋಗೋಷ್ಟರಲ್ಲಿ ಅಲ್ಲಿನ ಕ್ಲರ್ಕು ಪಕ್ಕದ ಅಂಗಡಿಯಿಂದ ತೂಕದ ಬಟ್ಟು ತಂದು ಸ್ಪೇಸ್ ಬಾರ್ ಮೇಲೆ ಇಟ್ಟಿದ್ದ. ಯಾರೋ ಒತ್ತುತಾವ್ರೆ ಅನ್ನೋ ಖುಷಿಗೆ ಪ್ರೋಗ್ರಾಮ್ ಓಡ್ತಿತ್ತು, ಜೊತೆಗೆ ಒತ್ತಿದ್ದು ಜಾಸ್ತಿಯಾಗಿ ಪೀಂ ಪೀಂ ಅಂತ ಬಡ್ಕೊಳ್ತಲೂ ಇತ್ತು.

"ಏನಪ್ಪಾ ಈ ಸದ್ದು?"

"ಇರ್ಲಿ ಬುಡಿ ಸಾರ್, ಲಾರಿ ರಿವರ್ಸ್ ತಗೊಳ್ಳೋರಿಗೆ ಅನುಕೂಲ ಆಗೈತೆ."

ಜಾತಕ

ಕುಣಿಗಲ್‌ನ ಜೋಯಿಸರು ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಅವರು ಜಾತಕ ಹಾಕೋ ಪ್ರೋಗ್ರಾಮಿಗೂ ಇದೇ ರೋಗ. ಅದರ ಟೈಮ್ ಕಿತ್ಕೋಬೇಡ ಅಂತ ಕಂಪ್ಯೂಟರಿಗೆ ಹೇಳೋ ಸೆಟ್ಟಿಂಗ್ ಒಂದಿದೆ, ಅದನ್ನ ಬದಲಾಯಿಸಿದೆ. ಆಮೇಲೆ ಜಾತಕ ರಪ್ಪಂತ ಬರೋಕೆ ಶುರುವಾಯ್ತು. ನಾನು ಬೀಗಿಕೊಂಡು ಬಸ್ ಹತ್ತಿದೆ.

ಸ್ವಲ್ಪ ದಿನಕ್ಕೆ ಫೋನ್ ಬಂತು, ಮತ್ತೆ ಹೋದೆ.

"ಕೆಟ್ಟೋಯ್ತಾ ಸ್ವಾಮಿ?"

"ಚೆನ್ನಾಗೇ ಇದೆ, ಅದೇ ತೊಂದರೆ. ಮುಂಚೆ ಅದು ತೆವಳೋವರೆಗೂ ಬಂದೋರು ಕೂತಿರ್ತಿದ್ರು. ಮಗಳ ವಿಷಯ, ಅತ್ತೆ ವಿಷಯ ಎಲ್ಲಾ ಹೇಳ್ಕೊಳೋರು. ಹೆಬ್ಬೂರಿನವರೊಬ್ಬರು ಅವರೆಕಾಯಿ ಸುಲಿದುಕೊಟ್ಟೇ ಹೋದ್ರು. ಈಗ ಕೂರೋಕೆ ಮುಂಚೆನೇ ಕಾಗದ ಬಂದ್ಬಿಡುತ್ತೆ, ಎದ್ದು ಹೋಗ್ತಾರೆ. ಮನೆ ಬಿಕೋ ಅನ್ನುತ್ತೆ ಕಣಪ್ಪ. ಮೊದಲಿದ್ದಂಗೆ ನಿಧಾನ ಮಾಡ್ಕೊಡು."

ಸೆಟ್ಟಿಂಗ್ ವಾಪಸ್ ಹಾಕಿದೆ. ಸರಿಹೋಯ್ತಾ ನೋಡೋಣ ಅಂತ ಅವರು ನನ್ನ ಹುಟ್ಟಿದ ದಿನವನ್ನೇ ಕೇಳಿ ಒತ್ತಿದ್ರು. ಪ್ರೋಗ್ರಾಮ್ ತೆವಳೋಕೆ ಶುರುಮಾಡ್ತು.

"ನನ್ನ ಭವಿಷ್ಯ ಹೇಗಿದೆ ಸ್ವಾಮಿ?" ಅಂದೆ.

ಜೋಯಿಸರು ಪರದೆ ಕಡೆ ತಿರುಗಿಯೂ ನೋಡದೆ ಅಡುಗೆಮನೆಗೆ ಎದ್ದು ಹೋಗ್ತಾ ಹೇಳಿದ್ರು: "ಮಧ್ಯಾಹ್ನದ ಊಟ ಇಲ್ಲೇ ಅಂತಿದೆ."