ಅತ್ತೆಯ ಕಾರಿನ ಪ್ರಗತಿ ಪತ್ರ

ನಮ್ಮ ಅತ್ತೆ ಒಂದು ಕಾರಿಗೆ ಪಾಠ ಹೇಳಿಕೊಡುತ್ತಿದ್ದಳು ಎಂದರೆ ನೀವು ನಂಬುವುದಿಲ್ಲ. ನಂಬಲೂಬೇಡಿ. ನಂಬಿದವರನ್ನೆಲ್ಲ ಅವಳು ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಾಳೆ!

ಅತ್ತೆ ಎಂದರೆ ಅಪ್ಪನ ತಂಗಿ. ಹೊನ್ನಾವರದ ಹತ್ತಿರ ಕರ್ಕಿಯಲ್ಲಿ ಮನೆ. ಇಡೀ ಆಯುಷ್ಯ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತಳಾದವಳು. ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದಳು, ಬಸ್ ಸ್ಟಾಪಿನವರೆಗೆ ಯಾರಾದರೂ ಬಿಡಬೇಕಿತ್ತು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎಡಗಾಲು ಸೋತಿದೆ. ಹಾಗಾಗಿ ಕ್ಲಚ್ ಇರುವ ಕಾರು ಅವಳಿಗೆ ಆಗದು. ನಿವೃತ್ತಿಯ ಮರುವರ್ಷ ಭಟ್ಕಳದ ಒಂದು ಮನೆಯವರು, ದುಬೈಯಿಂದ ರಜೆಗೆ ಬಂದಾಗಷ್ಟೇ ಓಡಿಸುತ್ತಿದ್ದ ಹಳೆಯ ಆಟೋಮ್ಯಾಟಿಕ್ ಕಾರನ್ನು ಮಾರುತ್ತಾರೆಂದು ಸುದ್ದಿ ಬಂತು. ಅತ್ತೆ ಅದನ್ನು ಕೊಂಡಳು, ಕಲಿತಳು, ಲೈಸೆನ್ಸೂ ತೆಗೆದಳು. ಈ ಕಾರು ಕೆಟ್ಟು ಕೂತರೆ ಮತ್ತೆ ಜಗಲಿಯಲ್ಲಿ ಕೂತು, ಯಾರಾದರೂ ಕರೆದುಕೊಂಡು ಹೋಗುತ್ತಾರಾ ಎಂದು ಕಾಯಬೇಕು. ಅದೊಂದು ಮಾತ್ರ ಅವಳಿಗೆ ಸಾಕಾಗಿ ಹೋಗಿತ್ತು.

ಆದರೆ ಕಾರಿಗೆ ಇದೆಲ್ಲ ಗೊತ್ತಿರಬೇಕಲ್ಲ! ನಾಲ್ಕು ತಿಂಗಳಿಂದ ಅದು ಸೋಮಾರಿಯಾಗಿತ್ತು. ಅತ್ತೆ ಗೇರನ್ನು ಮುಂದಕ್ಕೆ ಹೋಗುವ ‘ಡಿ’ಗೆ ತಂದರೆ ಅದು ಹೊರಡುತ್ತಿರಲಿಲ್ಲ. ಅತ್ತೆ ಕಪ್ಪುಹಲಗೆಯ ಮುಂದೆ ಹುಡುಗನನ್ನು ನಿಲ್ಲಿಸಿದವಳಂತೆ “ಒಂದು... ಎರಡು... ಮೂರು...” ಎಂದು ಎಣಿಸುತ್ತಿದ್ದಳು. ನಾಲ್ಕಕ್ಕೆ ಕಾರು ಧಡಕ್ಕನೆ ಹಾರುತ್ತಿತ್ತು.

“ಎಂತ ಆತೆ ಇದ್ಕೆ?” ಎಂದು ನಾನು ಕೇಳಿದರೆ, “ಯೋಚ್ನೆ ಮಾಡ್ತದೋ ತಮಾ. ಯೋಚ್ನೆ ಮಾಡೂ ಮಕ್ಕಳಿಗೆ ಬೈಯೂಕಾಗ” ಎನ್ನುತ್ತಿದ್ದಳು. ಹೊನ್ನಾವರದ ಸರ್ಕಲ್ಲಿನಲ್ಲಿ ನಮ್ಮ ಬೆನ್ನಿಗೆ ನಿಂತ ಲಾರಿಯವನಿಗೆ ಶಿಕ್ಷಣದ ವಿಷಯದಲ್ಲಿ ಅಷ್ಟು ತಾಳ್ಮೆ ಇರಲಿಲ್ಲ. ಅವನು ಅಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೊನೆಗೆ ಅತ್ತೆ ಒಂದು ಹಳೆಯ ಪ್ರಗತಿ ಪತ್ರ ಹುಡುಕಿ ತೆಗೆದು, ಗೇರುಗಳ ಹೆಸರು ಬರೆದು, ಷರಾ ಹಾಕಿದಳು. ಪಿ: ಶಾಂತ ಸ್ವಭಾವ, ಕೂರಿಸಿದಲ್ಲಿ ಕೂರುತ್ತಾನೆ. ಆರ್: ಒಳ್ಳೆಯವನು, ಆದರೆ ಸದಾ ಹಿಂದೆ. ಎನ್: ಯಾರ ಗೊಡವೆಗೂ ಹೋಗುವುದಿಲ್ಲ. ಡಿ: ದಡ್ಡ. ಪಾಲಕರನ್ನು ಕರೆತರಬೇಕು. ಪಾಲಕರು ಯಾರು? ಪಕ್ಕದ ಸೀಟಿನಲ್ಲಿ ಕೂತಿದ್ದ ನಾನೇ!

ಹಾಗೆ ಪಾಲಕನಾಗಿ ನಾನು ಅತ್ತೆಯ ಜೊತೆ ಮೊದಲು ಹೊನ್ನಾವರದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ನಾಲ್ಕನೇ ಇಯತ್ತೆಯಲ್ಲಿ ಅತ್ತೆಯ ಶಿಷ್ಯ. ಬಾನೆಟ್ ಎತ್ತಿ, ಇಳಿಸಿ, “ಅಕ್ಕೋರೇ, ಈ ಗೇರ್ ಬಾಕ್ಸ್ ಕಿತ್ತು ಒಗ್ದು, ಕ್ಲಚ್ಚಿನ ಗೇರ್ ಬಾಕ್ಸ್ ಕೂಡ್ಸೂದೇ ಸೈ” ಎಂದ.

“ಹೌದಾ? ಕ್ಲಚ್ ಒತ್ತೂಕೆ ದಿನಾ ಬೆಳಗಾಗೆ ನೀ ಬತ್ಯಾ? ಆರರ ಮಗ್ಗಿ ಬರೂದಿಲ್ಲ ಅಂತ ನಿನ್ನ ತಲೆ ಕಿತ್ತು ಬೇರೆ ಕೂಡ್ಸಿದ್ನನಾ ನಾನು?”

ಅವನು ಅಲ್ಲಿಯೇ ಕೈಕಟ್ಟಿ ನಿಂತುಬಿಟ್ಟ. ಮನೆಗೆ ಬಂದ ಮೇಲೆ ಅತ್ತೆ ಅಂಗಳದಲ್ಲಿ ಕಾರು ನಿಲ್ಲಿಸಿ, ಗೇರಿನ ಮೇಲೆ ಕೈ ಇಟ್ಟುಕೊಂಡೇ, “ಇದೂ ಹೋದ್ರೆ ಮುಗೀತಲೋ ತಮಾ” ಎಂದಳು.

ಮರುದಿನ ಕಾರು ಮಾರಿದ ಮನೆಗೇ ಫೋನು ಮಾಡಿದೆ. ಕೊಲ್ಲಿ ದೇಶಗಳಲ್ಲಿ ಇಂಥ ಕಾರುಗಳನ್ನೇ ರಿಪೇರಿ ಮಾಡಿ ಊರಿಗೆ ಮರಳಿದ ಹಿರಿಯರೊಬ್ಬರು ಭಟ್ಕಳದಲ್ಲಿದ್ದಾರೆ ಎಂದು ಅವರು ವಿಳಾಸ ಕೊಟ್ಟರು. ಹೊರಟೆವು. ಶಿರಾಲಿ ದಾಟುವಷ್ಟರಲ್ಲಿ ಇಂಜಿನ್ ಕಿರುಚುತ್ತಿತ್ತು, ಕಾರು ತೆವಳುತ್ತಿತ್ತು. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು ಹೋದ.

ಹಿರಿಯರು ಬಾನೆಟ್ ತೆಗೆಯುವ ಮೊದಲೇ ಕೇಳಿದರು: “ಟೀಚರಮ್ಮ, ಗೇರಿನ ಎಣ್ಣೆ ನೋಡ್ತೀರಾ?”

“ನೋಡದೇ! ದಿನಾ ಬೆಳಿಗ್ಗೆ ಮಿಂದು, ಗಾಡಿ ಚಾಲೂ ಮಾಡೂಕಿಂತ ಮುಂಚೆ. ಅಳತೆ ಕಡ್ಡಿ ತುಂಬಾ ಎಣ್ಣೆ ಇರ್ತದೆ.”

“ಅಲ್ಲೇ ಮೋಸ ಆಗಿದ್ದು. ಇದು ಬಿಸಿ ಆಗ್ಬೇಕು, ಇಂಜಿನ್ ಚಾಲೂ ಇರ್ಬೇಕು. ಆಗ ನೋಡ್ಬೇಕು. ಬಂದ್ ಇದ್ದಾಗ ಎಣ್ಣೆ ಎಲ್ಲಾ ಕೆಳಗಿಳಿದು ಕಡ್ಡಿಗೆ ಜಾಸ್ತಿ ತೋರ್ತದೆ.”

ಇಂಜಿನ್ ಓಡುತ್ತಿರುವಾಗಲೇ ಅವರು ಕಡ್ಡಿ ಎಳೆದು ತೋರಿಸಿದರು. ತುದಿಯಲ್ಲಿ ಕರಿಯ ತೇವ, ಸುಟ್ಟ ವಾಸನೆ, ಅಷ್ಟೇ. ಅಡಿಯ ಸೀಲು ಹೋಗಿ ಎಣ್ಣೆ ಸೋರಿತ್ತು. “ಹೊಟ್ಟೆಗಿಲ್ದೇ ಓಡಿದೆ ಪಾಪ, ಇಷ್ಟು ದಿನ” ಎಂದರು.

ಅತ್ತೆ ಮುಖ ಸಣ್ಣದು ಮಾಡಿಕೊಂಡಳು. ಬ್ಯಾಗಿನಿಂದ ಪ್ರಗತಿ ಪತ್ರ ತೆಗೆದು “ಹಸಿದ ಮಗೂಗೆ ದಡ್ಡ ಅಂತ ಬರದ್ನಲೋ!” ಎಂದು ಷರಾದ ಮೇಲೆ ಗೀಟು ಎಳೆದಳು. ಸೀಲು ಬದಲಾಯಿತು, ಮುರುಗಲ ಹಣ್ಣಿನ ರಸದ ಹಾಗೆ ಕೆಂಪಾದ ಹೊಸ ಎಣ್ಣೆ ಬಿತ್ತು. ‘ಡಿ’ಗೆ ಹಾಕಿದ ಕೂಡಲೇ ಕಾರು ಹೊರಟಿತು! ಉಳಿದ ಎಣ್ಣೆಯನ್ನು ಒಂದು ಬಾಟಲಿಯಲ್ಲಿ ಕೊಟ್ಟು, ಕಡಿಮೆಯಾದರೆ ಹಾಕಿಕೊಳ್ಳಿ ಎಂದರು.

ಮುರುಗಲ ರಸ ಅಂದೆನಲ್ಲ, ಆಪತ್ತು ಬಂದಿದ್ದು ಅದರಿಂದಲೇ. ವಾರ ಬಿಟ್ಟು ಅತ್ತೆ ಅಂಗಳದಿಂದ “ಕೆಂಪು ಬಾಟ್ಲಿ ತಾರೋ” ಎಂದು ಕೂಗಿದಳು. ನಾನು ಅಡುಗೆಮನೆಯ ನಾಗಂದಿಗೆಯಿಂದ ಕೆಂಪು ಬಾಟಲಿ ತಂದು, ಆಲಿಕೆ ಇಟ್ಟು, ಇನ್ನೇನು ಬಗ್ಗಿಸಬೇಕು, ಅತ್ತೆ ಮೂಗರಳಿಸಿದಳು.

“ಎಣ್ಣೆಗೆ ಜೀರಿಗೆ ಯಾರು ಹಾಕಿದ್ರೋ?”

ಶರಬತ್ತು! ಕಾರು ಬದುಕಿಕೊಂಡಿತು. ಅತ್ತೆ ನನ್ನನ್ನು ಎರಡು ದಿನ ‘ಡಿ’ ಎಂದೇ ಕರೆದಳು.

ಮೂರನೆಯ ದಿನ ಬೆಳಿಗ್ಗೆ, ಕುಮಟೆಯಲ್ಲಿ ಕೆಲಸವಿದೆ, ಬಿಡುತ್ತೀಯಾ ಎಂದು ಕೇಳಿದೆ. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಕಾರು ಎಲ್ಲಿಯೂ ತಡವರಿಸಲಿಲ್ಲ. ಕುಮಟೆಯ ಬಸ್ ಸ್ಟ್ಯಾಂಡಿನೆದುರು ಇಳಿದಾಗ ಅವಳು ಗಾಜು ಇಳಿಸಿ ಹೇಳಿದಳು: “ಇಷ್ಟು ವರ್ಷ ಎಲ್ರೂ ನನ್ನ ಬಿಡೂಕೆ ಬರ್ತಿದ್ರಲೋ ತಮಾ. ನಾನು ಒಬ್ಬನ್ನ ಬಿಟ್ಟಿದ್ದು ಇದೇ ಮೊದ್ಲು.” ಹಾರ್ನ್ ಹೊಡೆದು ಹೊರಟೇಹೋದಳು.

ಕುಮಟೆಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಹೊನ್ನಾವರದ ಬಸ್ಸು ಬಂತು, ಹತ್ತಲು ಹೋದೆ. ಮೆಟ್ಟಿಲ ಮೇಲೆ ಕಾಲಿಟ್ಟವನು ಹಾಗೇ ನಿಂತೆ. ನನ್ನ ಮೊಣಕಾಲಿನಷ್ಟು ಎತ್ತರ! ಇದನ್ನು ಅತ್ತೆ ಶಾಲೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಎಷ್ಟು ವರ್ಷ ಹತ್ತಿದಳೋ. ನಾನು ಒಂದು ದಿನವೂ ನೋಡಿರಲಿಲ್ಲ. ಕಣ್ಣು ತುಂಬಿ ಬಂತು. “ಬೇಗ ಹತ್ತಿ ಮಾರಾಯ್ರೇ” ಎಂದು ಕಂಡಕ್ಟರ್ ಕೂಗುತ್ತಿದ್ದ.