ವಿಮಾನಕ್ಕೆ ಎಣ್ಣೆ ಬಡಿಸಿದ್ದು

ಅಂಗಡಿಯ ಗಲ್ಲೆಯ ಮುಂದೆ ಬಹಳ ವರ್ಷ ಕೂತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಹೊರಡುವುದೇ ಇಲ್ಲ. ರಾಣೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುತ್ತ ಮೂವತ್ತು ವರ್ಷ ಕಳೆದ ನನಗೆ ಈ ರೋಗ ಮೂಳೆಗೇ ಇಳಿದಿದೆ. ಯಾರಾದರೂ ಬಂದು ಮಗಳ ಜಾತಕ ಕೂಡಿಬರುತ್ತದೆಯೇ ಎಂದು ಕೇಳಿದರೂ ಒಮ್ಮೆ ಮೇಲಿನ ಕಪಾಟು ನೋಡಿ, “ಬರತೈತಿ, ನಾಳೆ ಬರ್ರಿ” ಎಂದುಬಿಡುತ್ತೇನೆ. ಈ ಬಾಯಿಯಿಂದಲೇ ನಾನೊಮ್ಮೆ ವಿಮಾನ ಹತ್ತುವ ಫಜೀತಿ ತಂದುಕೊಂಡೆ.

ವಿಮಾನ ನಮ್ಮ ದೂರದ ಸಂಬಂಧಿ, ಅಗಡಿಯ ಫಕೀರಪ್ಪ ಕಾಕಾ ಅವರದು. ಅವರು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ನಿವೃತ್ತರಾದ ಮೇಲೆ ನಮ್ಮ ಕಡೆ ಜನ ಒಂದೋ ಎಮ್ಮೆ ಕಟ್ಟುತ್ತಾರೆ, ಇಲ್ಲವೇ ಪಂಚಾಯಿತಿ ಚುನಾವಣೆಗೆ ನಿಲ್ಲುತ್ತಾರೆ. ಕಾಕಾ ಎರಡು ಸೀಟಿನ ಪುಟ್ಟ ವಿಮಾನ ಕಟ್ಟಿದರು. ಹಾರಿಸುವ ಲೈಸೆನ್ಸೂ ಇದೆ, ಹೊಲದ ಪಕ್ಕ ಹದಮಾಡಿದ ಮಣ್ಣಿನ ಓಡುದಾರಿಯೂ ಇದೆ, ಪರವಾನಗಿಯ ಕಾಗದಗಳಂತೂ ಒಂದು ಟ್ರಂಕು ತುಂಬ ಇವೆ. ಇಲ್ಲದಿದ್ದದ್ದು ಒಂದೇ, ನಮ್ಮ ಧೂಳು ತಡೆಯುವ ಗಾಳಿಯ ಫಿಲ್ಟರ್.

“ತಮ್ಮಾ, ಕಾಗದದ ಫಿಲ್ಟರ್ ಲಗೂನ ಕಟ್ಟಿಕೊಂಡ ಬಿಡತೈತಿ. ತೊಳದ ತೊಳದ ಹಾಕೂವಂಥಾದ್ದು ಬೇಕು. ವಿಮಾನದ್ದು ನಿನಗ ತಿಳೀತೈತೇನು?” ಎಂದು ಅವರು ಅಂಗಡಿಗೆ ಬಂದು ಕೇಳಿದಾಗ ಅಲ್ಲಿ ಏಳೆಂಟು ಗಿರಾಕಿಗಳು ಇದ್ದರು. ಜನರೆದುರು ನನ್ನ ನಾಲಿಗೆ ಉದ್ದವಾಗುತ್ತದೆ.

“ಎಂಜಿನ್ ಅಂದ ಮ್ಯಾಲ ಎಂಜಿನ್ರಿ ಕಾಕಾ. ಟ್ರ್ಯಾಕ್ಟರ್ ಉಸಿರಾಡೂ ಗಾಳೀನ ಅದೂ ಉಸಿರಾಡತೈತಿ. ನಾನ ಆರಿಸಿ, ನಾನ ಕೂಡಿಸಿ ಕೊಡತೇನಿ” ಎಂದೆ.

“ಭೇಷ್! ಆದರ ನಮ್ಮಲ್ಲೊಂದು ಪದ್ಧತಿ ಐತಿ. ಎಂಜಿನ್ನಿಗೆ ಯಾರು ಕೈ ಹಚ್ಚತಾರ, ಮೊದಲ ಅವರ ಹತ್ತಬೇಕು. ನನ್ನ ಬಾಜೂ ಸೀಟು ನಿಂದ” ಎಂದರು ಕಾಕಾ. ಗಿರಾಕಿಗಳೆಲ್ಲ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಅಂಗಡಿಯ ಸ್ಟೂಲು ಹತ್ತುವಾಗಲೂ ಹೆಂಡತಿಯ ಹೆಗಲು ಹಿಡಿದುಕೊಳ್ಳುವವನು ನಾನು ಎಂಬುದು ಅವರಿಗಾರಿಗೂ ಗೊತ್ತಿರಲಿಲ್ಲ.

ನನ್ನ ಸಂಕಟ ನೋಡಿ. ಕೆಟ್ಟ ಫಿಲ್ಟರ್ ಆರಿಸಿದರೆ ಮೇಲೆ ಹೋದಾಗ ಎಂಜಿನ್ ಉಸಿರು ಕಟ್ಟಿ ನಾನು ಸಾಯುತ್ತೇನೆ. ಒಳ್ಳೆಯದು ಆರಿಸಿದರೆ ಮೇಲೆ ಹೋಗಲೇಬೇಕಾಗಿ ಬಂದು, ಹೆದರಿಕೆಯಿಂದಲೇ ಸಾಯುತ್ತೇನೆ. ಹೀಗಾಗಿ ಆಯ್ಕೆಯನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆದೆ. ಮೊದಲು, ಹಳೆಯ ಟ್ರ್ಯಾಕ್ಟರಿಗೆ ಇರುತ್ತದಲ್ಲ, ತಳದಲ್ಲಿ ಎಣ್ಣೆ ತುಂಬಿದ ಕಬ್ಬಿಣದ ಡಬರಿಯಂಥ ಫಿಲ್ಟರ್, ಅದನ್ನು ಹೊತ್ತೊಯ್ದು ತೋರಿಸಿದೆ. ಕಾಕಾ ಅದನ್ನು ಕೈಯಲ್ಲಿ ತೂಗಿ, “ಇಷ್ಟು ಭಾರದ್ದು ಹಾಕಿದರ ನಿನ್ನ ಇಳಿಸಬೇಕಾಗತೈತಿ ನೋಡು” ಎಂದರು. ನಾನು ಕೂಡಲೇ ಅದೇ ಇರಲಿ ಎಂದೆ. ಅವರು ಒಪ್ಪಲಿಲ್ಲ. ಆಮೇಲೆ ಸ್ಪಂಜಿನದು ತಂದೆ. ಬಿಸಿಗೆ ಅದು ಪುಡಿಯಾಗಿ ಎಂಜಿನ್ನಿನ ಗಂಟಲಿಗೇ ಇಳಿಯಬಹುದು ಎಂದು ಅದನ್ನೂ ಬೇಡವೆಂದರು. ಕಾಗದದ್ದನ್ನೇ ನಮ್ಮ ರೈತರು ಮಾಡುವಂತೆ ಟೈರಿಗೆ ನಾಲ್ಕು ಸಲ ಬಡಿದು, ಊದಿ, ಮತ್ತೆ ಹಾಕಬಹುದಲ್ಲ ಎಂದೆ. ಈ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಂಪನಿಯವನು ‘ಬಳಸಿ ಬಿಸಾಡಿ’ ಎಂದು ಬರೆದದ್ದನ್ನು ನಾವು ಅಪ್ಪನಿಂದ ಮಗನಿಗೆ ದಾಟಿಸುತ್ತೇವೆ. ಆದರೆ ಕಾಕಾ ನನ್ನ ಕಡೆ ಎಂಥ ನೋಟ ನೋಡಿದರೆಂದರೆ, ಆ ಮಾತು ಮತ್ತೆ ಎತ್ತಲಿಲ್ಲ.

ಕೊನೆಗೆ ಉಳಿದದ್ದು ಎರಡು ತಂತಿಬಲೆಗಳ ನಡುವೆ ಹತ್ತಿಬಟ್ಟೆಯ ಮಡಿಕೆಗಳಿದ್ದ ಫಿಲ್ಟರ್. ತೊಳೆಯುವುದು, ಒಣಗಿಸುವುದು, ಧೂಳು ಹಿಡಿಯಲೆಂದು ತೆಳ್ಳಗೆ ಎಣ್ಣೆ ಹಚ್ಚುವುದು, ಮತ್ತೆ ಕೂಡಿಸುವುದು. ಎಲ್ಲೆಲ್ಲಿ ಹಚ್ಚಿದೆ ಎಂದು ಕಾಣಲೆಂದು ಆ ಎಣ್ಣೆಗೆ ಕೆಂಪು ಬಣ್ಣ ಹಾಕಿರುತ್ತಾರೆ. ನೋಡಿದರೆ ಥೇಟ್ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ. ಕಾಕಾ ಇದನ್ನು ತಕ್ಷಣ ಒಪ್ಪಿಬಿಟ್ಟರು. ನನ್ನ ನೆಪಗಳೂ ಅಲ್ಲಿಗೆ ಮುಗಿದವು.

ರವಿವಾರ ಬೆಳಿಗ್ಗೆ ಹೆಂಡತಿ ಸುವರ್ಣಾಳನ್ನೂ ಕರೆದುಕೊಂಡು ಅಗಡಿಗೆ ಹೋದೆ. ಎಣ್ಣೆಯ ಬಾಟಲಿ ನನ್ನ ಕೈಯಲ್ಲಿ. ನಾವು ಬೀಗರ ಎಲೆಗೆ ಬಡಿಸುತ್ತ ಬೆಳೆದ ಜನ. ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಎಣ್ಣೆ, ಸಾಕು ಅಂದರೂ ಬಿಡದೆ ಇನ್ನೊಂದು ಧಾರೆ. ಕೈ ಬಿಗಿಹಿಡಿದು ಬಡಿಸಿದರೆ ಮನೆತನದ ಮರ್ಯಾದೆ ಹೋಗುತ್ತದೆ. ಸಾಲದ್ದಕ್ಕೆ ಇಲ್ಲಿ ನನ್ನ ಜೀವದ ಪ್ರಶ್ನೆ. ಒಂದು ಸುತ್ತು ಹಾಕಿದೆ, ಇನ್ನೊಂದು ಹಾಕಿದೆ, ಬಾಟಲಿಯ ತಳದಲ್ಲಿ ಉಳಿದದ್ದನ್ನು ಯಾಕೆ ಇಡಬೇಕೆಂದು ಅದನ್ನೂ ಸುರಿದೆ. ಫಿಲ್ಟರ್ ಕೂಡಿಸಿ ಕಾಕಾ ಎಂಜಿನ್ ಚಾಲೂ ಮಾಡಿದರು. ಅದು ಕೆಮ್ಮಿತು, ದಟ್ಟ ಹೊಗೆ ಬಿಟ್ಟಿತು, ವೇಗ ಹಿಡಿಯಲೊಲ್ಲದೆ ನಿಂತಿತು. ಫಿಲ್ಟರ್ ಬಿಚ್ಚಿ ನೋಡಿದರೆ ಎಣ್ಣೆ ತೊಟ್ಟಿಕ್ಕುತ್ತಿತ್ತು.

“ತಮ್ಮಾ, ಹೆದರಿಕಿ ಇದ್ದರ ಹೆದರಿಕಿ ಐತಿ ಅಂತ ಹೇಳಬೇಕಾಗಿತ್ತು. ಪಾಪ, ಎಂಜಿನ್ನಿಗೆ ಯಾಕ ಈ ಶಿಕ್ಷಾ?” ಎಂದರು ಕಾಕಾ. ಬೇಕೆಂದೇ ಮಾಡಿದೆನೆಂದು ಅವರು ತಿಳಿದರು. ಖರೇ ಹೇಳುತ್ತೇನೆ, ನಾನು ಬಡಿಸಿದ್ದು ಪ್ರೀತಿಯಿಂದ. ಆದರೆ ಎಂಜಿನ್ ನಿಂತಾಗ ನನ್ನ ಮುಖ ಅರಳಿದ್ದನ್ನು ಇಬ್ಬರೂ ನೋಡಿದ್ದರು.

ಅಷ್ಟರಲ್ಲಿ ಸುವರ್ಣಾ ಫಿಲ್ಟರನ್ನು ನನ್ನ ಕೈಯಿಂದ ಕಸಿದುಕೊಂಡಳು. ಅವಳ ತವರು ಬ್ಯಾಡಗಿ. ಖಾರಪುಡಿ ಸೋಸುವ ಅರಿವೆಗಳ ನಡುವೆ ಬೆಳೆದವಳು. ಸಾಬೂನು ನೀರಿನಲ್ಲಿ ನೆನೆಹಾಕಿ, ಒಳಮಗ್ಗಲಿಂದ ಹೊರಕ್ಕೆ ನೀರು ಬಿಟ್ಟು ತೊಳೆದಳು. “ಹೊರಗಿಂದ ತೊಳದರ ಎಣ್ಣಿ, ಧೂಳು ಎಲ್ಲಾ ಮತ್ತಷ್ಟು ಒಳಗ ಹೊಕ್ಕೋತೈತ್ರಿ. ನಮ್ಮ ಅವ್ವ ಅರಿವಿ ಯಾವಾಗಲೂ ಹಿಂದಿಂದ ಝಾಡಿಸ್ತಿದ್ದಳು” ಎಂದಳು. ಬಿಸಿಲಿಗೆ ಇಡಹೋದ ನನ್ನನ್ನು ಗದರಿಸಿ ನೆರಳಲ್ಲಿ ಒಣಹಾಕಿದಳು. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅದು ಒಣಗಿತ್ತು. ಕಾಕಾ ತಮ್ಮ ಹತ್ತಿರವಿದ್ದ ಇನ್ನೊಂದು ಬಾಟಲಿ ಕೊಟ್ಟರು. ಸುವರ್ಣಾ ಮಡಿಕೆ ಮಡಿಕೆಗೆ ಒಂದೊಂದೇ ಎಳೆ ಎಣ್ಣೆ ಬಿಟ್ಟು, ಬಟ್ಟೆಯೆಲ್ಲ ಒಂದೇ ಸಮ ಕೆಂಪಗಾಗುವವರೆಗೆ ಕಾದಳು. ಈ ಸಲ ಎಂಜಿನ್ ಒಮ್ಮೆಗೇ ಎದ್ದು ಹಾಡಿತು.

“ಪದ್ಧತಿ ಅಂದರ ಪದ್ಧತಿ. ಹತ್ತವ್ವಾ ಸುವರ್ಣಾ” ಎಂದರು ಕಾಕಾ. ಅವಳು ಸೆರಗು ಸಿಕ್ಕಿಸಿಕೊಂಡು, ಹೆಲ್ಮೆಟ್ ಹಾಕಿಕೊಂಡು, ಹಾವೇರಿ ಬಸ್ಸು ಹತ್ತಿದಷ್ಟೇ ಸಲೀಸಾಗಿ ಹತ್ತಿ ಕೂತಳು. ವಿಮಾನ ಧೂಳೆಬ್ಬಿಸುತ್ತ ಓಡಿತು, ನೆಲ ಬಿಟ್ಟಿತು. ಬಚಾವಾದೆ ಎಂದು ನಾನು ಕುಣಿಯಬೇಕಿತ್ತು. ಆದರೆ ಆಕಾಶದಿಂದ ಕಣ್ಣು ಕೀಳಲಾಗಲಿಲ್ಲ. ಸಾವಿರಾರು ಗಿರಾಕಿಗಳಿಗೆ “ಏನೂ ಆಗೂದಿಲ್ಲ, ತಗೊಂಡ ಹೋಗ್ರಿ” ಎಂದು ಸಾಮಾನು ಕೊಟ್ಟು ಕಳಿಸಿದವನು ನಾನು. ಅದೇ ಮಾತನ್ನು ಈಗ ನನಗೆ ನಾನೇ ಹೇಳಿಕೊಂಡರೆ ಒಂದು ಸಲವೂ ನಂಬಿಕೆ ಬರಲಿಲ್ಲ. ಆ ಎಂಜಿನ್ ಸದ್ದು ಸ್ವಲ್ಪ ಇಳಿದರೂ ನನ್ನ ಉಸಿರು ನಿಲ್ಲುತ್ತಿತ್ತು. ಅವಳಿಲ್ಲದ ಮನೆ ಹೇಗಿರುತ್ತದೆಂದು ನೆನೆದು, ನಾಚಿಕೆ ಬಿಟ್ಟು ಅತ್ತೆ.

ಹತ್ತು ನಿಮಿಷಕ್ಕೆ ಇಳಿದಳು. ಕೂದಲು ಕೆದರಿತ್ತು, ಮುಖ ಹೊಳೆಯುತ್ತಿತ್ತು. “ಹೆದರಿಕಿ ಆಗಲಿಲ್ಲೇನು?” ಎಂದು ಕೇಳಿದೆ.

“ಯಾಕ ಆಗಬೇಕು? ಫಿಲ್ಟರ್ ನಾನ ತೊಳದಿದ್ದೆನಲ್ಲ. ನೀವು ತೊಳದಿದ್ದರ ಖರೇನ ಹತ್ತತಿದ್ದಿಲ್ಲ.”

ಸಿಟ್ಟು ಬರಬೇಕಾದ ಮಾತು. ಬರಲಿಲ್ಲ. ನಾನು ತೊಳೆದಿದ್ದರೆ ಅವಳನ್ನು ನಾನೇ ಹತ್ತಲು ಬಿಡುತ್ತಿರಲಿಲ್ಲ.