ಟೇಲರ್ ಕಾಲಿಗೆ ಸಿಕ್ಕ ಟರ್ಬೊ ಗಾಡಿ

ಮೂವತ್ತೈದು ವರ್ಷದಿಂದ ಹೊಲಿಗೆ ಯಂತ್ರದ ಪೆಡಲ್ ತುಳಿಯುತ್ತಿರುವ ಮನುಷ್ಯನಿಗೆ ಕಾರಿನ ಪೆಡಲ್ ಯಾವ ಲೆಕ್ಕ? ರೋಣದಿಂದ ಗಜೇಂದ್ರಗಡಕ್ಕೆ ಹೋಗುವುದು, ಒಂದು ಸೈಲೆನ್ಸರ್ ಬದಲಾಯಿಸಿಕೊಳ್ಳುವುದು, ನಾಲ್ಕು ಗಂಟೆಯ ಚಹಾಕ್ಕೆ ಮನೆಗೆ ಬಂದುಬಿಡುವುದು. ಕೆಲಸ ಇಷ್ಟೇ ಇತ್ತು. ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡಿದಷ್ಟು ಸಲೀಸು ಎಂದುಕೊಂಡು ಹೊರಟೆ.

ಗಾಡಿ ನನ್ನದಲ್ಲ, ನನ್ನ ತಮ್ಮ ಈರಣ್ಣನದು. ಅವನು ರೋಣದಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಎಂಟು ತಿಂಗಳ ಹಿಂದೆ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಪಾಳಿ ತಪ್ಪಿಸಿ ಮುಂದೆ ನುಗ್ಗುವುದು ಅವನ ಹಳೆಯ ಚಾಳಿ. ಚಿಕ್ಕವನಿದ್ದಾಗ ನಳದ ಮುಂದೆಯೂ ಹಾಗೇ ಮಾಡುತ್ತಿದ್ದ.

ಆ ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ನೋಡಲು ಸಣ್ಣ ಕೆಂಪು ಕಾರು. ಒಳಗೆ ಟರ್ಬೊ. ಹಾಗೆಂದರೇನು ಎಂದು ನಾನು ಒಮ್ಮೆ ಕೇಳಿ ತಪ್ಪು ಮಾಡಿದ್ದೆ. ಇಂಜಿನ್ನಿನ ಹೊಗೆಯೇ ಒಂದು ಫಂಕಾ ತಿರುಗಿಸುತ್ತದೆ, ಆ ಫಂಕಾ ಇಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸುತ್ತದೆ, ಜೋರು ಬರುತ್ತದೆ, ಆದರೆ ಅದೇ ಫಂಕಾ ಅರ್ಧ ಸದ್ದನ್ನು ನುಂಗಿಬಿಡುತ್ತದೆ ಎಂದು ಒಂದು ತಾಸು ವಿವರಿಸಿದ್ದ. ಅಷ್ಟು ಜೋರಿನ ಗಾಡಿ ಮೂಕವಾಗಿರುವುದನ್ನು ಅವನಿಗೆ ಸಹಿಸಲಾಗಲಿಲ್ಲ. ಕಂಪನಿಯ ಸೈಲೆನ್ಸರ್ ಬಿಚ್ಚಿ, ತೋಳಿನಷ್ಟು ದಪ್ಪದ ಪೈಪ್ ಹಾಕಿಸಿದ. ಲ್ಯಾಪ್‌ಟಾಪ್ ಹಚ್ಚಿ ಅದೇನೋ ಬದಲಾಯಿಸಿದ. ಅಂದಿನಿಂದ ಪೆಡಲ್ ಒತ್ತಿದರೆ ಹುಲಿ ಗುರುಗುಟ್ಟಿದಂತೆ, ಕಾಲು ತೆಗೆದರೆ ‘ಫಟ್ ಫಟ್’ ಎಂದು ಪಟಾಕಿ ಹೊಡೆದಂತೆ.

ಊರು ಎರಡು ಪಕ್ಷವಾಯಿತು. ಕಾಲೇಜು ಹುಡುಗರು ಬೈಕ್ ನಿಲ್ಲಿಸಿ ಆ ಸದ್ದು ಕೇಳುತ್ತಿದ್ದರು. ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದ ಹೆಂಗಸರು ಅವನ ಮೂರು ತಲೆಮಾರನ್ನು ನೆನೆಯುತ್ತಿದ್ದರು. ನಮ್ಮ ಎಮ್ಮೆ ಹಗ್ಗ ಹರಿದುಕೊಂಡು ಎರಡು ಸಲ ಬಸ್ ಸ್ಟ್ಯಾಂಡ್ ನೋಡಿ ಬಂತು. ನಾನು ಎಮ್ಮೆಯ ಪಕ್ಷ. ‘ಮನೆಗೆ ಬರುವಾಗಾದರೂ ಮನುಷ್ಯರ ಹಾಗೆ ಬಾ’ ಎಂದು ಬೈದಿದ್ದೆ. ಅದರ ನಂತರ ಅವನು ಓಣಿಯ ಬೇವಿನ ಗಿಡದ ಹತ್ತಿರವೇ ಇಂಜಿನ್ ಬಂದ್ ಮಾಡಿ, ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿಸಿಕೊಂಡು ಬರುತ್ತಿದ್ದ. ನಾನು ಗೆದ್ದೆ ಎಂದುಕೊಂಡಿದ್ದೆ. ‘ಕೊಣ್ಣೂರಿನ ಸೇತುವಿ ಮ್ಯಾಲೆ ಇದನ್ನ ಕೇಳಬೇಕ ನೋಡಣ್ಣ, ನೀರೂ ತಿರುಗಿ ಮಾತಾಡತೈತಿ’ ಎಂದು ಎಷ್ಟೋ ಸಲ ಕರೆದ. ಹೊಲಿಗೆ ಬಹಳ ಇದೆ ಎಂದು ನಾನು ಹೋಗಲಿಲ್ಲ. ಹೊಲಿಗೆ ಈಗಲೂ ಬಹಳ ಇದೆ.

ಅವನು ಹೋದ ಮೇಲೆ ಗಾಡಿ ತಗಡಿನ ಶೆಡ್ಡಿನಲ್ಲಿ, ಎಮ್ಮೆಯ ಪಕ್ಕದಲ್ಲಿ ನಿಂತಿತು. ವಾರಕ್ಕೊಮ್ಮೆ ಚಾಲೂ ಮಾಡದಿದ್ದರೆ ಬ್ಯಾಟರಿ ಸಾಯುತ್ತದೆ ಎಂದು ಯಾರೋ ಹೇಳಿದರು. ಸಾಯುವುದು ಎಂಬ ಮಾತು ಕೇಳಿ ನಾನೇ ಆ ಜವಾಬ್ದಾರಿ ಹೊತ್ತೆ. ಪ್ರತಿ ಭಾನುವಾರ ನಾಲ್ಕಕ್ಕೆ ಒಳಗೆ ಕೂತು, ಗಾಜು ಏರಿಸಿ, ಹತ್ತು ನಿಮಿಷ ಚಾಲೂ ಇಡುತ್ತಿದ್ದೆ. ಗಾಜು ಏರಿಸಿದರೂ ಅದೆಲ್ಲಿಂದಲೋ ಹೊಗೆ ಬಂದು ಕಣ್ಣು ಉರಿಯುತ್ತಿತ್ತು. ಟವೆಲ್ಲಿನಿಂದ ಒರೆಸಿಕೊಂಡು ಇಳಿಯುತ್ತಿದ್ದೆ.

ಆಗ ಗಮನಿಸಿದೆ. ಗಾಡಿ ಗುರುಗುಟ್ಟಿದ ಕೂಡಲೇ ಈರಣ್ಣನ ಹೆಂಡತಿ ಕಸ್ತೂರಿ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು, ಒಲೆಯ ಮೇಲೆ ಚಹಾದ ಪಾತ್ರೆ ಇಡುತ್ತಿದ್ದಳು. ಒಂದು ವಾರವಲ್ಲ, ಪ್ರತಿ ವಾರ. ನನ್ನ ಎದೆ ಒಡೆಯಿತು. ಗಂಡ ಬಂದನೆಂದು ಪಾಪ ಆ ಜೀವ ಇನ್ನೂ ಎದ್ದೇಳುತ್ತಿದೆ! ನಾನು ಬ್ಯಾಟರಿ ಉಳಿಸುತ್ತೇನೆಂದು ವಾರಕ್ಕೊಮ್ಮೆ ಅವಳ ಗಾಯ ಕೆದರುತ್ತಿದ್ದೇನೆ! ಈ ಗಾಡಿಯನ್ನು ಮೂಕ ಮಾಡಲೇಬೇಕೆಂದು ಅಂದೇ ನಿರ್ಧರಿಸಿದೆ. ಅವಳನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ಹಿರಿಯರು ಕೇಳುವುದಿಲ್ಲ, ಮಾಡುತ್ತಾರೆ.

ಕಂಪನಿಯ ಹಳೆಯ ಸೈಲೆನ್ಸರ್ ಎಲ್ಲೂ ಹೋಗಿರಲಿಲ್ಲ. ಮೇವಿನ ಬಣವೆಗೆ ಹೊದಿಸಿದ ತಾಡಪತ್ರಿ ಗಾಳಿಗೆ ಹಾರದಿರಲೆಂದು ಅದರ ಅಂಚಿಗೆ ಕಟ್ಟಿದ್ದೆವು. ಗುರುವಾರ ಅದನ್ನು ಬಿಚ್ಚಿ ಹಿಂದಿನ ಸೀಟಿಗೆ ಹಾಕಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

“ಹೊಡಿಯಾಕ ಬರತೈತೇನ್ರಿ ನಿಮಗ?”

“ಲೈಸೆನ್ಸ್ ಐತಿ.”

“ನಾ ಕೇಳಿದ್ದು ಅದಲ್ಲ.”

ಯಂತ್ರದ ಮುಂದೆ ಕೂರುವ ಮುಂಚೆ ಮಾಡುವ ಹಾಗೆ ಚಪ್ಪಲಿ ಕಳಚಿ ಬದಿಗಿಟ್ಟು, ಗಾಡಿ ಹತ್ತಿ ಹೊರಟುಬಿಟ್ಟೆ. ಟೇಲರ್ ಪೆಡಲ್ ತುಳಿಯುವುದು ಬರಿಗಾಲಿನಲ್ಲಿ. ಚಪ್ಪಲಿ ಅಂಗಳದಲ್ಲೇ ಉಳಿದದ್ದು ರೋಣ ದಾಟಿದ ಮೇಲೆ ತಿಳಿಯಿತು.

ಅದು ಮೊದಲನೆಯ ಅನಾಹುತ. ಎರಡನೆಯದು ನನ್ನ ಬಲಗಾಲು. ಹೊಲಿಗೆ ಯಂತ್ರದ ಪೆಡಲನ್ನು ಒತ್ತಿ ಹಿಡಿಯುವುದಿಲ್ಲ, ತೂಗುತ್ತಾರೆ. ಮುಂದೆ, ಹಿಂದೆ, ಮುಂದೆ, ಹಿಂದೆ. ಮೂವತ್ತೈದು ವರ್ಷ ತೂಗಿದ ಕಾಲಿಗೆ ಸುಮ್ಮನೆ ಇರಲು ಬರುವುದಿಲ್ಲ. ಮುಂದೆ ತೂಗಿದಾಗ ಗುರ್, ಹಿಂದೆ ತೂಗಿದಾಗ ಫಟ್. ಗುರ್‌ಫಟ್, ಗುರ್‌ಫಟ್ ಎನ್ನುತ್ತ ತಮ್ಮನ ಸಾವಿಗೆ ವರ್ಷದ ಹಬ್ಬ ಬಿಟ್ಟ ಮನೆಯ ಯಜಮಾನ ದಾರಿಯುದ್ದಕ್ಕೂ ಪಟಾಕಿ ಹೊಡೆಯುತ್ತ ಹೊರಟ. ಜನ ಕಂಡಲ್ಲಿ ಸಂಕೋಚವಾಗಿ ಪೂರ್ತಿ ಕಾಲು ತೆಗೆಯುತ್ತಿದ್ದೆ. ಆಗ ಸಾಲಾಗಿ ಐದಾರು ಹೊಡೆಯುತ್ತಿತ್ತು.

ಮುಶಿಗೇರಿಯ ಹತ್ತಿರ ಒಬ್ಬ ಮನುಷ್ಯ ಹೊಲದೊಳಗಿನಿಂದ ಕೈ ಎತ್ತಿಕೊಂಡು ಓಡಿ ಬಂದ. ಕಲ್ಲಪ್ಪ. ಅವನ ಬೋರಿನ ಮೋಟಾರು ವರ್ಷಕ್ಕೆರಡು ಸಲ ಸುಡುತ್ತಿತ್ತು, ಈರಣ್ಣ ಎರಡು ಸಲವೂ ಜೀವ ಕೊಡುತ್ತಿದ್ದ. ಸದ್ದು ಕೇಳಿ ರೂಢಿಯ ಮೇಲೆ ಓಡಿ ಬಂದಿದ್ದ. ಅರ್ಧ ದಾರಿಗೆ ಬಂದಾಗ ನೆನಪಾಯಿತು. ನಿಂತುಬಿಟ್ಟ. ಎತ್ತಿದ ಕೈ ಇಳಿಸುವುದನ್ನು ಮರೆತಿದ್ದ.

ಮಣ್ಣಿಗೆ ಬರಲಾಗದವರು ಸತ್ತವನ ಮನೆಯವರನ್ನು ಮೊದಲ ಸಲ ಕಂಡಾಗ ಮಾತಾಡಿಸಿ ದುಃಖ ಹಂಚಿಕೊಳ್ಳಬೇಕು. ಅದು ನಮ್ಮ ಕಡೆಯ ಪದ್ಧತಿ. ಮನೆಯೇ ಆಗಲಿ, ರಸ್ತೆಯೇ ಆಗಲಿ, ಜೊತೆಗೆ ಒಂದಿಷ್ಟು ಹೊತ್ತು ಕೂರಬೇಕು, ಮೊದಲು ಏನೂ ಮಾತಾಡಬಾರದು. ಕಲ್ಲಪ್ಪ ಪಕ್ಕದ ಸೀಟಿನಲ್ಲಿ ಬಂದು ಕೂತು ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಬಂದ್ ಮಾಡಿದರೆ ಮತ್ತೆ ಚಾಲೂ ಆಗದಿದ್ದರೆ ಎಂದು ಇಂಜಿನ್ ಹಾಗೇ ಬಿಟ್ಟಿದ್ದೆ. ದುಃಖದಲ್ಲಿ ಕಾಲಿನ ಮೇಲೆ ನಿಗಾ ಉಳಿಯಲಿಲ್ಲ. ಗುರ್. ಫಟ್. ಕಲ್ಲಪ್ಪ ಬೆಚ್ಚಿದ. ನಾನು ಗಾಬರಿಯಾಗಿ ಕಾಲು ತೆಗೆದೆ. ಫಟ್ ಫಟ್ ಫಟ್. ರಸ್ತೆಯ ಆಚೆ ಒಂದು ಜೋಡಿ ಎತ್ತು ಬಂಡಿ ಸಮೇತ ಹೊಲಕ್ಕಿಳಿಯಿತು.

ಕಲ್ಲಪ್ಪ ಮೂಗು ಒರೆಸಿಕೊಂಡು ಹೇಳಿದ. “ಹಿಂಗ ಒದರಿಕೋತ ಬರಾಂವ ನೋಡ್ರಿ. ಅವನ ಬಾಯಿ ಸಣ್ಣದು, ಗಾಡಿ ಬಾಯಿ ದೊಡ್ಡದು.” ಆಮೇಲೆ ಅವನ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು. “ಅಣ್ಣಾರ, ತಮ್ಮಗ ವರ್ಷ ತುಂಬೂತನಾ ಚಪ್ಪಲ್ ಬಿಟ್ಟೀರೇನ್ರಿ?”

ಮರೆತು ಬಂದೆ ಎನ್ನಲು ಬಾಯಿ ಬರಲಿಲ್ಲ. ತಲೆ ಅಲ್ಲಾಡಿಸಿದೆ. ಅದು ಹೌದು ಎಂದಾಯಿತು. ಕಲ್ಲಪ್ಪ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಹೋಗಿ ಬರುತ್ತೇನೆ ಎನ್ನದೆ, ಅಂಥ ಹೊತ್ತಿಗೆ ಎದ್ದು ಹೋಗಬೇಕಾದ ಹಾಗೆ ಸುಮ್ಮನೆ ಇಳಿದು ಹೋದ.

ಗಜೇಂದ್ರಗಡದಲ್ಲಿ ಖಾಜಾಸಾಬ ಮಿಸ್ತ್ರಿಯ ಗ್ಯಾರೇಜು. ಆ ದಪ್ಪ ಪೈಪ್ ಹಾಕಿಕೊಟ್ಟವನೂ ಅವನೇ. ನಾನು ತಲುಪುವ ಮೊದಲೇ ಕಲ್ಲಪ್ಪನ ಫೋನು ತಲುಪಿತ್ತು. ಹಾಗಾಗಿ ನಾನು ಇಳಿದಾಗ ಯಾರೂ ಆಶ್ಚರ್ಯಪಡಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ನೆಲ ಹಂಚಿನ ಹಾಗೆ ಕಾದಿತ್ತು. ನಾನು ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದೆ. ಬಾಗಿಲ ಬಳಿ ಏಳೆಂಟು ಜೋಡಿ ಚಪ್ಪಲಿ ಬಿದ್ದಿದ್ದವು. ಒಬ್ಬರೂ ಹಾಕಿಕೊಳ್ಳಿ ಎನ್ನಲಿಲ್ಲ. ನನ್ನ ವ್ರತ ಕೆಡಿಸಿದ ಪಾಪ ಯಾರಿಗೆ ಬೇಕು? ಬದಲಿಗೆ ಭಕ್ತಿಯಿಂದ ನನ್ನ ಕಾಲ ಬುಡಕ್ಕೆ ಒಂದು ಕೊಡ ನೀರು ಸುರಿದರು.

ಬಂದ ಕೆಲಸ ಹೇಳಿದೆ. ಖಾಜಾಸಾಬ ಪಾನಾ ಕೆಳಗಿಟ್ಟ.

“ಈ ಪೈಪ್ ನಾ ನಾಕ ಸಲ ಕಡದು ನಾಕ ಸಲ ಬೆಸಿಗಿ ಹಾಕೇನ್ರಿ ಅಣ್ಣಾರ. ಈರಣ್ಣ ಅಲ್ಲಿ ಗಿಡದ ಬುಡಕ ಕಣ್ಣ ಮುಚ್ಚಿ ನಿಂತು ಕೇಳಾಂವ. ಇನ್ನೊಂದ ಚೂರು ಕೆಳಗ ಇಳಸೋ ಅನ್ನಾಂವ, ಹಾಡಾ ಕಲಿಸಿದಂಗ. ಅದನ್ನ ಬಿಚ್ಚು ಅಂತೀರಿ?”

“ಮನ್ಯಾಗ ಹೆಣ್ಣಮಗಳಿಗೆ ತ್ರಾಸ ಆಗಾಕತ್ತೈತಿ,” ಎಂದೆ.

ಅವನು ಪಾನಾ ಮತ್ತೆ ಎತ್ತಿಕೊಂಡ. ಕೊನೆಯ ಸಲ ಒಮ್ಮೆ ಕೇಳಿಸಿ ಎಂದ. ಅಕ್ಕಪಕ್ಕದ ಅಂಗಡಿಯವರು ಬಂದು ನಿಂತರು. ನಾನು ಕೂತು ಪೆಡಲ್ ತೂಗಿದೆ. ಸದಾ ಈ ಸದ್ದಿಗೆ ಬೈಯುತ್ತಿದ್ದ ಎದುರಿನ ಹಿಟ್ಟಿನ ಗಿರಣಿಯ ಮುದುಕ, ಗಿರಣಿ ಬಂದ್ ಮಾಡಿಕೊಂಡು ಕೇಳಿದ.

ಪೈಪ್ ಇಳಿಯಿತು, ಸೈಲೆನ್ಸರ್ ಏರಿತು. ಚಾಲೂ ಮಾಡಿದರೆ ಗಾಡಿ ಕೆಮ್ಮಿ ನಿಂತಿತು. ಮತ್ತೆ ಮಾಡಿದೆ, ಮತ್ತೆ ನಿಂತಿತು. ಖಾಜಾಸಾಬ ಹಿಂದೆ ಬಗ್ಗಿ ಸೈಲೆನ್ಸರಿನ ಬಾಯಿಗೆ ಕಣ್ಣಿಟ್ಟು, “ಜೋರ್ ಒತ್ತರಿ,” ಎಂದ. ಹಿರಿಯ ಮಿಸ್ತ್ರಿ ಹೇಳಿದ ಮೇಲೆ ತೂಗುವುದೆಂಥದು? ಜೀವಮಾನದಲ್ಲಿ ಮೊದಲ ಸಲ ಪೆಡಲನ್ನು ಪೂರ್ತಿ ಒತ್ತಿ ಹಿಡಿದೆ.

ಬಣವೆಯ ಮೇಲಿದ್ದ ಇಷ್ಟು ದಿನಗಳಲ್ಲಿ ಒಂದು ಇಲಿ ಅದರ ಬಾಯಲ್ಲಿ ಸಂಸಾರ ಹೂಡಿತ್ತು. ಭುಸ್ ಎಂದು ಜೋಳದ ರವದಿ, ಹೊಟ್ಟು, ಅರಿವೆಯ ಚೂರು, ಕೊನೆಗೆ ಸ್ವತಃ ಇಲಿ, ಎಲ್ಲವೂ ಖಾಜಾಸಾಬನ ಗಡ್ಡದ ಮೇಲೆ ಹಾದು ಹೊರಬಂದವು. ಇಲಿ ಎದ್ದು ಗಿರಣಿಗೆ ಓಡಿತು. ಅಷ್ಟೊಂದು ಗಂಭೀರವಾಗಿ ನಿಂತಿದ್ದ ಜನ ನಕ್ಕುಬಿಟ್ಟರು. ಖಾಜಾಸಾಬನೂ ನಕ್ಕ. ನಾನು ಅರಿವೆಯ ಚೂರು ನೋಡುತ್ತಿದ್ದೆ. ಎಲ್ಲ ನನ್ನ ಕತ್ತರಿಯವೇ. ಅದರಲ್ಲಿ ಹಸಿರು ಚೌಕಡಿಯದೊಂದು ಇತ್ತು. ಕಳೆದ ದೀಪಾವಳಿಗೆ ಈರಣ್ಣನಿಗೆ ಹೊಲಿದ ಅಂಗಿಯದು. ಜೇಬಿಗೆ ಹಾಕಿಕೊಂಡೆ.

ಬರುವಾಗ ಗಾಡಿ ಮೌನವಾಗಿತ್ತು. ಕಾಲು ಎಷ್ಟು ತೂಗಿದರೂ ಸದ್ದಿಲ್ಲ. ಮುಶಿಗೇರಿಯಲ್ಲಿ ಕಲ್ಲಪ್ಪ ಹೊಲದಲ್ಲೇ ಇದ್ದ, ತಲೆ ಎತ್ತಲಿಲ್ಲ. ರಸ್ತೆಯಲ್ಲಿ ಮಲಗಿದ್ದ ಎಮ್ಮೆಗಳು ಏಳಲಿಲ್ಲ. ನಾನೇ ಇಳಿದು, ಬರಿಗಾಲಲ್ಲಿ ಕುಣಿಯುತ್ತ, ಒಂದೊಂದನ್ನೇ ಎಬ್ಬಿಸಿದೆ.

ಮನೆಗೆ ಬಂದಾಗ ನಾಲ್ಕೂವರೆ. ಯಾರಿಗೂ ಕೇಳಲಿಲ್ಲ. ಗೆದ್ದೆ ಎಂದುಕೊಂಡು ಒಳಗೆ ಹೋದೆ. ಕಸ್ತೂರಿ ಜೋಳ ಹಸನು ಮಾಡುತ್ತಿದ್ದಳು. ಹತ್ತಿರ ಕೂತು, ಹಿರಿಯರ ದನಿಯಲ್ಲಿ ಎಲ್ಲ ವಿವರಿಸಿದೆ. ಇನ್ನು ಆ ಸದ್ದು ಬರುವುದಿಲ್ಲ, ಇನ್ನು ನೀನು ಗಂಡ ಬಂದನೆಂದು ಎದ್ದು ಚಹಾ ಇಡಬೇಕಾಗಿಲ್ಲ ತಂಗಿ, ಎಂದೆ.

ಅವಳು ಮೊರ ಕೆಳಗಿಟ್ಟಳು.

“ಅವರಿಗೆ ಯಾಕ ಚಹಾ ಇಡ್ಲಿ ಭಾವಾರ? ಎಂಟ ತಿಂಗಳಾತು. ಅವರು ಬರಂಗಿಲ್ಲ ಅಂತ ನನಗ ಗೊತ್ತಿಲ್ಲೇನ್ರಿ?”

“ಮತ್ತ?”

ಅವಳು ನನ್ನ ಹೆಂಡತಿಯ ಕಡೆ ನೋಡಿದಳು. ಹೆಂಡತಿ, ನೀನೇ ಹೇಳು ಎಂಬಂತೆ ಒಲೆಯ ಕಡೆ ತಿರುಗಿದಳು.

“ಚಹಾ ನಿಮಗ ಇಡ್ತಿದ್ದೆ. ಗಾಡ್ಯಾಗ ಕುಂತು ಅಷ್ಟ ಅಳ್ತಿದ್ರಿ. ಗಾಡಿ ಸಪ್ಪಳದಾಗ ನಮಗ ಕೇಳಂಗಿಲ್ಲ ಅಂತ ತಿಳದೀರಿ ಅಂತ ನಾವೂ ಸುಮ್ಮನಿದ್ವಿ. ಇಳದ ಬಂದ ಮ್ಯಾಲೆ ಬಿಸಿದೊಂದು ಏನರ ಬೇಕಲ್ರಿ.”

ನಾನು ಹೊಗೆಯ ಬಗ್ಗೆ ಏನೋ ಹೇಳಲು ಹೋದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಭಾನುವಾರ ಎಂದಿನಂತೆ ನಾಲ್ಕಕ್ಕೆ ಗಾಡಿಯಲ್ಲಿ ಕೂತೆ. ಗಾಜು ಏರಿಸಿ ಚಾಲೂ ಮಾಡಿದೆ. ಚಾಲೂ ಆಗಿದೆಯೋ ಇಲ್ಲವೋ ತಿಳಿಯದಷ್ಟು ಮೌನ. ಎರಡು ನಿಮಿಷ ಆಗಿರಲಿಲ್ಲ, ಪಕ್ಕದಲ್ಲಿ ಎಮ್ಮೆ ಹಗ್ಗ ಜಗ್ಗತೊಡಗಿತು. ಆ ಫಟ್ ಫಟ್‌ಗೆ ಹೆದರುತ್ತಿದ್ದ ಎಮ್ಮೆ, ಈಗ ನನಗೆ ಹೆದರುತ್ತಿತ್ತು. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. “ಇವತ್ತ ಭಾಳ ಜೋರ್ ಕೇಳಾಕತ್ತೈತ್ರಿ. ಬರ್ರಿ, ಚಹಾ ಆರತೈತಿ.”

ಆ ದಪ್ಪ ಪೈಪ್ ಈಗ ಬಣವೆಯ ತಾಡಪತ್ರಿಗೆ ಕಟ್ಟಿದೆ. ಇಲಿಗಳು ನೋಡಿಕೊಂಡು ಹೋಗುವ ಮೊದಲು, ಬರುವ ಗುರುವಾರವೇ ಅದನ್ನು ಬಿಚ್ಚಿಕೊಂಡು ಮತ್ತೆ ಗಜೇಂದ್ರಗಡಕ್ಕೆ ಹೋಗಬೇಕು. ಕಸ್ತೂರಿ ಈಗಾಗಲೇ ನನ್ನ ಚಪ್ಪಲಿ ತಂದು ಗಾಡಿಯೊಳಗೆ ಇಟ್ಟಿದ್ದಾಳೆ. ಹಾಕಿಕೊಳ್ಳುವಂತಿಲ್ಲ. ದಾರಿಯಲ್ಲಿ ಕಲ್ಲಪ್ಪನ ಹೊಲವಿದೆ, ಮತ್ತು ವರ್ಷ ತುಂಬಲು ಇನ್ನೂ ನಾಲ್ಕು ತಿಂಗಳಿದೆ.